ಯಾವೆ ಅಂದ್ರೆ ಯಾವುದು?

ಮಧುಗಿರಿಯ ನಮ್ಮ ಮಹಡಿ ಮನೆಗೆ ಯಾರೇ ಬಾಡಿಗೆಗೆ ಬರಲಿ, ಕೆಳಗಿರುವ ನಮಗೆ ನಗುವುದಕ್ಕೆ ಏನಾದರೊಂದು ಸಿಕ್ಕೇ ಸಿಗುತ್ತದೆ. ಈ ಸಲ ಬಂದವಳು ಪಾವಗಡದ ಕಡೆ ಸೋಲಾರ್ ಕೆಲಸಕ್ಕೆ ಬಂದ ಮೆಕ್ಸಿಕೊ ದೇಶದ ಇಂಜಿನಿಯರ್ ಹುಡುಗಿ. ಮನೆಮಾತು ಸ್ಪ್ಯಾನಿಷ್. ನನ್ನ ಹತ್ತಿರ ಇಂಗ್ಲಿಷ್ ಆಡುತ್ತಿದ್ದಳು. ಗಾಬರಿಯಾದರೆ ತನ್ನ ಭಾಷೆಗೆ ಜಾರುತ್ತಿದ್ದಳು. ನಮ್ಮತ್ತೆಗೆ ಎರಡೂ ಒಂದೇ.

ಮೆಟ್ಟಿಲ ಹತ್ತಿರ

ಬಂದ ಹೊಸದರಲ್ಲಿ ಒಂದು ಸಂಜೆ ನಾನು ತರಕಾರಿ ತಂದು ಒಳಗೆ ಬರುವಾಗ ಮೆಟ್ಟಿಲ ಹತ್ತಿರ ಇಬ್ಬರೂ ಎದುರುಬದುರು ನಿಂತಿದ್ದರು.

"ಯಾವೆ," ಅಂದಳು ಹುಡುಗಿ.

"ಯಾವ್ದಮ್ಮ?" ಅಂದರು ಅತ್ತೆ.

"ಯಾವೆ."

"ಅದೇ ಕಣಮ್ಮ, ಯಾವ್ದು ಅಂತ ನೀನೇ ಹೇಳು."

ನಾನು ಬಿಡಿಸಿ ಕೇಳಿದೆ. ಬಾಗಿಲು ತಾನಾಗಿ ಹಾಕಿಕೊಂಡಿದೆ, ಬೀಗದ ಕೈ ಒಳಗೇ ಉಳಿದಿದೆ. ಬೀಗದ ಕೈಗೆ ಅವರಲ್ಲಿ 'ಯಾವೆ' ಅನ್ನುತ್ತಾರಂತೆ.

ಅತ್ತೆಗೆ ಸಿಟ್ಟು. "ಬೇಕಾದೋಳು ಅವಳು. ಯಾವ್ದು ಅಂತ ನನ್ನ ಕೇಳಿದ್ರೆ ನಾನೆಂಗೆ ಹೇಳ್ಲಿ?"

ನೀರು ಬಂದ ದಿನ

ಆಮೇಲೊಂದು ದಿನ ಮೇಲಿನಿಂದ "ಯಾವೆ, ಯಾವೆ" ಅಂತ ಕೂಗು. ಈಗ ಅತ್ತೆಗೆ ಅರ್ಥ ಗೊತ್ತಲ್ಲ, ಬೀಗದ ಕೈ ಗೊಂಚಲು ಹಿಡಿದು ಓಡಿದರು. ನಾನೂ ಹಿಂದೆ ಹೋದೆ. ಅಡುಗೆಮನೆಯ ನಲ್ಲಿ ಮುರಿದು ನೀರು ಚಿಮ್ಮುತ್ತಿದೆ, ಹುಡುಗಿ ಅಂಗೈಯಲ್ಲಿ ಅದನ್ನು ಒತ್ತಿ ಹಿಡಿದಿದ್ದಾಳೆ. ಅತ್ತೆ ಅವಳ ಮುಂದೆ ಒಂದೊಂದೇ ಬೀಗದ ಕೈ ತೋರಿಸುತ್ತಿದ್ದಾರೆ. ಬೀರುವಿನದು, ದೇವರ ಮನೆಯದು. ಅವಳು ತಲೆ ಅಲ್ಲಾಡಿಸುತ್ತಿದ್ದಾಳೆ.

ನಲ್ಲಿಗೂ ಅವರಲ್ಲಿ ಅದೇ ಹೆಸರಂತೆ. ಕೊಡಿಗೇನಹಳ್ಳಿಯಿಂದ ರಿಪೇರಿಯವನು ಬಂದ. ಅವನ ಚೀಲದ ಸ್ಪ್ಯಾನರ್ ತೋರಿಸಿ, ಅದೂ 'ಯಾವೆ' ಅಂದಳು.

ಅತ್ತೆ ಸೆರಗು ಹಿಂಡಿಕೊಳ್ಳುತ್ತಾ ಅಂದರು, "ಪಾಪ, ಮಾತಿಗೆ ಬರ ಇರೋ ದೇಶ ಅಂತ ಕಾಣ್ತದೆ. ಒಂದೇ ಮಾತ್ನಾಗೆ ಮೂರು ಸಂಸಾರ ನಡೆಸ್ತಾರೆ."

ಮಾವನವರ ಪಟ

ನಮ್ಮ ಮಾವ ಹರೆಯದಲ್ಲಿ ಗರಡಿ ಆಳು. ಬಚ್ಚಲಲ್ಲಿ ಜಾರಿ ಬಿದ್ದ ಮೇಲೆ ಮಂಚ ಬಿಟ್ಟಿರಲಿಲ್ಲ. ಮೂಳೆ ಕೂಡಿದೆ, ನಡೆಯಲಿ ಅಂತ ಡಾಕ್ಟರು ಹೇಳಿದ್ದರು. ಆದರೆ ಅವರಿಗೆ ಭಯ. ಎಷ್ಟು ಕರೆದರೂ "ಇನ್ನು ನನ್ ಕೈಲಾಗಲ್ಲ ಬುಡು" ಅಂತ ಗೋಡೆ ಕಡೆ ತಿರುಗುತ್ತಿದ್ದರು. ನಮಗೂ ಆಸೆ ಬತ್ತುತ್ತಾ ಬಂದಿತ್ತು.

ಒಂದು ಭಾನುವಾರ ಕಾಫಿಗೆ ಬಂದ ಹುಡುಗಿ, ಮಾವ ಕುಸ್ತಿ ಆಡುತ್ತಿರುವ ಹಳೇ ಪಟ ನೋಡಿ ಮುಖ ಅರಳಿಸಿ "ಯಾವೆ" ಅಂದಳು.

"ಬೀಗದ ಕೈಯಾ, ನಲ್ಲಿಯಾ, ಸ್ಪ್ಯಾನರಾ?" ಅತ್ತೆ ಶಾಂತವಾಗಿ ಕೇಳಿದರು.

ಮೂರೂ ಅಲ್ಲ. ಅವಳ ತಾತನೂ ಪೈಲ್ವಾನರಾಗಿದ್ದರಂತೆ. ಕುಸ್ತಿಯಲ್ಲಿ ಹಾಕುವ ಪಟ್ಟಿಗೂ 'ಯಾವೆ' ಅಂತಲೇ ಹೆಸರು. ತೋರಿಸುವುದಕ್ಕೆಂದು, ಪಕ್ಕದಲ್ಲಿ ಕೂತಿದ್ದ ನನ್ನ ಗಂಡನ ಕುತ್ತಿಗೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಳು.

"ಹಂಗಲ್ಲ ಕಣಮ್ಮ, ಮೊಣಕೈ ಒಳಕ್ಕೆ ಬರ್ಬೇಕು."

ತಿರುಗಿ ನೋಡಿದರೆ ಮಾವ. ಮಂಚ ಬಿಟ್ಟು, ಗೋಡೆ ಹಿಡಿದು ನಡೆದು ಬಂದು, ಅವಳ ಮೊಣಕೈ ಸರಿಪಡಿಸುತ್ತಿದ್ದರು. ನನ್ನ ಕಣ್ಣು ಮಂಜಾಯಿತು.

ಕಂಕುಳೊಳಗಿಂದ ನನ್ನ ಗಂಡ ಉಸಿರುಗಟ್ಟಿ ಅಂದರು, "ಅಮ್ಮ, ಅಪ್ಪ ಎದ್ರಲ್ಲ, ಇನ್ನು ನನ್ನ ಬಿಡ್ಸು."

ಅತ್ತೆ ಕಣ್ಣೊರೆಸಿಕೊಂಡು ಹೇಳಿದರು, "ಇರ್ಲಾ ಸ್ವಲ್ಪ. ಅವಳು ನಿನ್ನ ಬುಟ್ರೆ ಇವ್ರು ಮತ್ತೆ ಮಲಗ್ಬುಡ್ತಾರೆ."