ಹನ್ನೊಂದು ಜನರ ಚಪ್ಪಾಳೆ

ಐದು ನಿಮಿಷದ ಸಾರ್ ಮುಖಕ್ಕೆ ಸೋಪು ಹಚ್ಚಿಕೊಂಡು ನಿಂತಿದ್ದಾಗ ಅಡುಗೆಮನೆಯ ರೇಡಿಯೋದಿಂದ ಚಪ್ಪಾಳೆ ಕೇಳಿತು. ಅವರು ಸಿಟ್ಟಿನಲ್ಲಿ ಕೆನ್ನೆ ಕೊಯ್ದುಕೊಂಡರು.

ಊರಿನ ರೇಡಿಯೋದಲ್ಲಿ ವಾರಕ್ಕೊಮ್ಮೆ ಐದು ನಿಮಿಷ ಸಂಗೀತ, ನಾಟಕದ ವರದಿ ಕೊಡುವುದು ಅವರ ಕೆಲಸ. ವಠಾರದವರು ಇಟ್ಟ ಹೆಸರು ಅಲ್ಲಿಂದ ಬಂದದ್ದು. ಮನೆಯಲ್ಲಿ ಅವರು ಐದು ನಿಮಿಷಕ್ಕೆ ಮಾತು ಮುಗಿಸಿದ್ದನ್ನು ಯಾರೂ ಕಂಡಿಲ್ಲ, ಅದು ಬೇರೆ ಮಾತು.

"ಕೇಳಿದ್ಯೇನೇ? ಸಂಜೆ ಬರೋ ನನ್ನ ಕಾರ್ಯಕ್ರಮದ ತುಣುಕು ಅದು!"

"ಪಿಟೀಲಿಗೆ ಒಳ್ಳೆ ಚಪ್ಪಾಳೆ ಬಿದ್ದಿದೆಯಲ್ಲ ರೀ," ಎಂದರು ಹೆಂಡತಿ.

"ಎಲ್ಲಿ ಬಿತ್ತು? ನಿನ್ನೆ ಆ ಪಿಟೀಲು ಕಛೇರಿಯಲ್ಲಿ ನಾನೇ ಇದ್ದೆ. ಇದ್ದದ್ದು ಹನ್ನೊಂದು ಜನ. ಅದರಲ್ಲಿ ಇಬ್ಬರು ಬಸ್ ಬರೋವರೆಗೂ ಕೂತಿರೋಣ ಅಂತ ಬಂದವರು. ಇಲ್ಲಿ ನೋಡಿದ್ರೆ ಸಾವಿರ ಕೈ!"

ಪಿಟೀಲಿನ ಹೆಣ್ಣುಮಗಳು ಜೀವ ತುಂಬಿ ನುಡಿಸಿದ್ದಳು. ಮುಗಿದ ಮೇಲೆ ಖಾಲಿ ಕುರ್ಚಿಗಳ ನಡುವೆ ನಿಂತು ಸಾರ್ ಆಕೆಗೆ ಮಾತು ಕೊಟ್ಟಿದ್ದರು. "ಈ ಹನ್ನೊಂದು ಚಪ್ಪಾಳೆನೇ ಊರಿಗೆ ಕೇಳಿಸ್ತೀನಮ್ಮ. ಬರದೇ ಇದ್ದವರು ತಲೆ ತಗ್ಗಿಸಬೇಕು." ಈಗ ರೇಡಿಯೋ ನಿಲಯದವರು ಆ ಮಾತಿಗೇ ಮಣ್ಣು ಹಾಕಿದ್ದಾರೆ. ಹೊಟ್ಟೆ ಉರಿಯದೆ ಇರುತ್ತದೆಯೇ, ನೀವೇ ಹೇಳಿ.

ಅರ್ಧ ಕ್ಷೌರದಲ್ಲೇ ನಿಲಯಕ್ಕೆ ಓಡಿದರು. ನಿಲಯದ ಮುಖ್ಯಸ್ಥರು ಕಾಫಿ ಲೋಟದಿಂದ ತಲೆ ಎತ್ತಲಿಲ್ಲ.

"ಹನ್ನೊಂದು ಜನ ತಟ್ಟಿದ್ರೆ ರೇಡಿಯೋದಲ್ಲಿ ಒದ್ದೆ ಬಟ್ಟೆ ಒದರಿದ ಹಾಗೆ ಕೇಳುತ್ತೆ ಕಣ್ರೀ. ನಮ್ಮ ಹತ್ರ ಒಂದು ಒಳ್ಳೆ ಚಪ್ಪಾಳೆ ಇದೆ. ಎಲ್ಲರಿಗೂ ಅದನ್ನೇ ಹಾಕ್ತೀವಿ."

"ಇದು ಮೋಸ ಅಲ್ವೇನ್ರೀ?"

"ನಿಮಗೆ ಬೇಡ ಅಂದ್ರೆ ಹೇಳಿ. ಆ ಐದು ನಿಮಿಷ ಟ್ರಾಫಿಕ್ ಸುದ್ದಿಯವರಿಗೆ ಕೊಡ್ತೀನಿ. ಕಾಯ್ತಾ ಇದ್ದಾರೆ."

ಹವಾಮಾನ ಓದುವಾಕೆ ಬಾಗಿಲಲ್ಲಿ ಇಣುಕಿ ಸಮಾಧಾನ ಹೇಳಿದಳು. "ಬಿಡಿ ಸಾರ್, ನನ್ನ ಮಳೆ ಸದ್ದು ಕೂಡ ಬಚ್ಚಲ ನಲ್ಲಿದು. ಯಾರು ಕೇಳ್ತಾರೆ?"

ಸಾರ್‌ಗೆ ಇನ್ನಷ್ಟು ಉರಿಯಿತು. ನೆಟ್ಟಗೆ ಧ್ವನಿಮುದ್ರಣದ ಕೋಣೆಗೆ ಹೋಗಿ, ಅಲ್ಲಿನ ಮೇಡಂ ಅವರ ಕುರ್ಚಿಯಲ್ಲೇ ಕೂತುಬಿಟ್ಟರು. ನಕಲಿ ಚಪ್ಪಾಳೆ ತೆಗೆಯುವ ತನಕ ಏಳುವುದಿಲ್ಲ ಎಂದರು. ಮಧ್ಯಾಹ್ನ ಕಳೆಯಿತು, ಊಟ ತಪ್ಪಿತು. ಒಬ್ಬೊಬ್ಬರಾಗಿ ಬಂದು ಬುದ್ಧಿ ಹೇಳಿ ಹೋದರು. ನಿಂತೇ ಕೆಲಸ ಮಾಡಿ ಮೇಡಂ ಅವರ ಕಾಲು ಊದಿಕೊಂಡಿತು. ಕಡೆಗೆ ಅವರೇ ಬಾಯಿಬಿಟ್ಟರು.

"ಸಾರ್, ಸುಮ್ನೆ ಕೂಗಾಡ್ತೀರಲ್ಲ. ಆ ಚಪ್ಪಾಳೆ ಯಾರದ್ದು ಅಂತ ಗೊತ್ತಾ? ಇಲ್ಲಿ ನೋಡಿ, ಟೇಪಿನ ಡಬ್ಬಿ ಮೇಲೆ ಬರೆದಿದೆ. ಎಂಟು ವರ್ಷದ ಹಿಂದೆ ಸಭಾಭವನದ ಉದ್ಘಾಟನೆ. ಸ್ವಾಗತ ಭಾಷಣ, ನಿಮ್ಮದೇ."

ಸಾರ್ ಆ ಬರಹವನ್ನು ಎರಡು ಸಲ ಓದಿದರು. ಆ ದಿನ! ಸಭೆಗೆ ಸಭೆಯೇ ಎದ್ದು ನಿಂತು ಚಪ್ಪಾಳೆ ತಟ್ಟಿದ ದಿನ. ಅದನ್ನು ನೆನೆಸಿಕೊಂಡೇ ಅವರು ಎಷ್ಟೋ ಬೇಸರದ ಸಂಜೆಗಳನ್ನು ದಾಟಿದ್ದರು.

"ಎಂಟು ವರ್ಷದಿಂದ ನನ್ನ ಚಪ್ಪಾಳೆನ ಕಂಡಕಂಡವರಿಗೆಲ್ಲ ಹಂಚ್ತಿದ್ದೀರಾ? ನನ್ನನ್ನ ಒಂದು ಮಾತು ಕೇಳಿದ್ರಾ?" ಎಂದು ಗುಡುಗಿದರು.

"ಹಾಗಾದ್ರೆ ತೆಗೆದುಬಿಡ್ಲಾ?"

"ಯಾಕೆ ತೆಗೀತೀರಿ? ಇವತ್ತು ಅದನ್ನೇ ಹಾಕಿ. ಆದ್ರೆ ಕತ್ತರಿ ಆಡಿಸಬೇಡಿ. ಮೊದಲಿಂದ, ಪೂರ್ತಿ ಹಾಕಿ."

"ಮೊದಲಿಂದ ಒಂದ್ಸಲ ನೀವೇ ಕೇಳಿಬಿಡಿ ಸಾರ್..."

"ನನ್ನ ಚಪ್ಪಾಳೆ ನನಗೆ ಗೊತ್ತಿಲ್ವೇನ್ರೀ?"

ಪಿಟೀಲಿನವಳಿಗೆ ಕೊಟ್ಟ ಮಾತು ಅವರಿಗೆ ನೆನಪಾಗಲಿಲ್ಲ. ಮನೆಗೆ ಫೋನ್ ಮಾಡಿ, ವಠಾರದವರನ್ನೆಲ್ಲ ಕರೆದು ರೇಡಿಯೋ ಜೋರಾಗಿ ಇಡು ಎಂದು ಹೆಂಡತಿಗೆ ಹೇಳಿ, ತಾವೂ ಓಡೋಡಿ ಬಂದರು.

ಮನೆಯ ಹಾಲ್ ತುಂಬಿತ್ತು. ಮಹಡಿಮನೆಯ ಮೇಷ್ಟ್ರು ಮುಂದಿನ ಕುರ್ಚಿಯಲ್ಲೇ ಕೂತಿದ್ದರು. ಪಿಟೀಲು ನಿಂತಿತು. ಆಮೇಲೆ ಸಾರ್ ದನಿಯೇ ಬಂತು.

"...ಹೇಳಬೇಕಾದದ್ದು ಇನ್ನೂ ಬಹಳ ಇತ್ತು. ಒಂದೂಕಾಲು ಗಂಟೆಯಾಯಿತು ಎಂದು ಮೂರನೆಯ ಚೀಟಿ ಬಂದಿರುವುದರಿಂದ ನನ್ನ ಎರಡು ಮಾತು ಮುಗಿಸುತ್ತೇನೆ."

ಚಪ್ಪಾಳೆಯೋ ಚಪ್ಪಾಳೆ! ಶಿಳ್ಳೆ ಬೇರೆ. ಅದರ ನಡುವೆ ಮೈಕಿನ ಪಕ್ಕದಲ್ಲೇ ಯಾರೋ, "ಅಬ್ಬಾ, ಬದುಕಿದ್ವಿ ಕಣ್ರೋ!" ಎಂದದ್ದು ಸ್ಪಷ್ಟವಾಗಿ ಕೇಳಿತು.

ಸಾರ್ ಎದ್ದು ರೇಡಿಯೋ ಆರಿಸಿದರು. ಅಷ್ಟರಲ್ಲಿ ಫೋನ್ ಬಂತು. ಪಿಟೀಲಿನವಳು.

"ಸಾರ್, ನನ್ನ ಹನ್ನೊಂದು ಚಪ್ಪಾಳೆ ಎಲ್ಲಿ ಹೋಯ್ತು?"

ಫೋನ್ ಇಟ್ಟವರೇ ಸಾರ್ ಸಿಡಿದೆದ್ದರು. ಮುಖ್ಯಸ್ಥರನ್ನು, ಮೇಡಂ ಅವರನ್ನು, ಬಚ್ಚಲ ನಲ್ಲಿಯನ್ನು, ಕಲೆಯ ಗಂಧವಿಲ್ಲದ ಊರನ್ನು ಒಂದೂ ಬಿಡದೆ ಬೈದರು. ಹೊರಗೆ ಕತ್ತಲಾಯಿತು. ಮೇಷ್ಟ್ರು ಎರಡು ಸಲ ಗಡಿಯಾರ ನೋಡಿದರು.

"ಇಷ್ಟೇ ನಾನು ಹೇಳೋದು!" ಎಂದು ಕಡೆಗೆ ಸಾರ್ ದೊಪ್ಪನೆ ಕೂತರು.

ಮೇಷ್ಟ್ರು ಮೊದಲು ಕೈತಟ್ಟಿದರು. ಹೆಂಡತಿ ಸೇರಿಕೊಂಡರು. ಆಮೇಲೆ ಹಾಲ್‌ನಲ್ಲಿದ್ದ ಎಲ್ಲರೂ ಎದ್ದು ನಿಂತು ಮನಸಾರೆ ತಟ್ಟಿದರು.

ಅಂಥ ಕೋಪದಲ್ಲೂ ಸಾರ್ ಎಣಿಸಿದರು. ಸರಿಯಾಗಿ ಹನ್ನೊಂದು ಜನ.