ತಲೆಕೆಳಗಾದ ಮೈಕು

ಕ್ಯಾಮೆರಾದೊಳಗಿನ ಕಾರ್ಡನ್ನು ಅಕ್ಕ ಬೆಳಿಗ್ಗೆಯೇ ತೆಗೆದುಕೊಂಡು ಹೋಗಿದ್ದಳು. ಮಗಳ ಹುಟ್ಟುಹಬ್ಬದ ಫೋಟೋಗಳನ್ನು ಊರಿಗೆಲ್ಲ ಹಂಚುವ ಅವಸರ ಅವಳಿಗೆ. ಫೋಟೋಗ್ರಾಫರ್ ತಮ್ಮನಿಗೆ ಒಂದು ಮಾತು ಹೇಳಲು ಪುರುಸೊತ್ತಿರಲಿಲ್ಲ.

ಅವನಿಗೆ ಇದು ತಿಳಿದದ್ದು ಸಂಜೆ, ಸಂಗೀತ ಕಾರ್ಯಕ್ರಮದ ವೇದಿಕೆಯ ಬುಡದಲ್ಲಿ. ಅಲ್ಲಿ ಮೊದಲ ಮೂರು ಹಾಡಿಗಷ್ಟೇ ಫೋಟೋ. ಆಮೇಲೆ ಕಾವಲಿನವರು ದನ ಅಟ್ಟಿದಂತೆ ಎಲ್ಲರನ್ನೂ ಹೊರಗಟ್ಟುತ್ತಾರೆ. ಹಾಡುಗಾರ್ತಿ ಕುಣಿದತ್ತ ಏಡಿಯಂತೆ ಅಡ್ಡಡ್ಡ ಸರಿಯುತ್ತ, ಪತ್ರಿಕೆಯವರ ಮೊಣಕೈ ಏಟು ತಿನ್ನುತ್ತ ಗುಂಡಿ ಒತ್ತಿದ್ದೇ ಒತ್ತಿದ್ದು. ಮೂರನೆಯ ಹಾಡು ಮುಗಿದ ಮೇಲೆ ಕ್ಯಾಮೆರಾ ನೋಡಿದರೆ, 'ಕಾರ್ಡ್ ಇಲ್ಲ'.

ಅವನು ಹಾಡುಗಾರ್ತಿಯ ತಂಡದಲ್ಲೇ ಸಂಬಳಕ್ಕಿದ್ದವನು. ಹಿಂದಿನ ಸಲ ಅವಳ ಮುಖ ಮಂಜಾಗಿ, ಬೆನ್ನ ಹಿಂದಿನ ಡ್ರಮ್ಮು ಲಕ್ಷಣವಾಗಿ ಬಂದಿತ್ತು. ಇನ್ನೊಂದು ತಪ್ಪಾದರೆ ಮನೆ ದಾರಿ ಹಿಡಿ ಎಂದು ಮ್ಯಾನೇಜರ್ ಹೇಳಿಯಾಗಿತ್ತು. ಪತ್ರಿಕೆಯವನೊಬ್ಬನ ಬಳಿ ನಾಲ್ಕು ಫೋಟೋ ಬೇಡಿದ. ಸಂಬಳ ನಿನಗೆ, ಬೆವರು ನನಗೋ ಎಂದು ಅವನು ತಿರುಗಿ ನಿಂತ.

ಅಷ್ಟರಲ್ಲಿ ಮ್ಯಾನೇಜರ್ ಓಡಿಬಂದು, ಫೋಟೋದವರನ್ನೆಲ್ಲ ವೇದಿಕೆಯ ಹಿಂದಿನ ಕೋಣೆಗೆ ಕೂಡಿ ಬಾಗಿಲು ಹಾಕಿಸಿ, ಎಲ್ಲರ ಕಾರ್ಡುಗಳನ್ನೂ ಕಿತ್ತುಕೊಳ್ಳತೊಡಗಿದ. ಕಾರಣ ಇಷ್ಟೇ: ಮೂರನೆಯ ಹಾಡಿನುದ್ದಕ್ಕೂ ಹಾಡುಗಾರ್ತಿ ಮೈಕನ್ನು ತಲೆಕೆಳಗಾಗಿ ಹಿಡಿದಿದ್ದಳು. ಹಾಡು ಮಾತ್ರ ಗಂಟೆ ಹೊಡೆದಂತೆ ಕೇಳಿಸಿತ್ತು. ಅವಳ ಗಂಟಲು ಕಟ್ಟಿದ್ದರಿಂದ ಎಲ್ಲವೂ ಮೊದಲೇ ಧ್ವನಿ ಮುದ್ರಿಸಿಟ್ಟ ಹಾಡು. ಪತ್ರಿಕೆಯವರು ಕೂಗಾಡಿದರು. ಏನು ಪ್ರಯೋಜನ? ದೊಡ್ಡವರ ಮಾನ ಉಳಿಯಬೇಕಾದಾಗ ಮೊದಲು ಅಳಿಸಿಹೋಗುವುದು ದುಡಿಯುವವರ ಕೆಲಸವೇ.

ಇವನ ಕ್ಯಾಮೆರಾವನ್ನು ಮ್ಯಾನೇಜರ್ ತೆರೆದರೆ ಖಾಲಿ.

"ಎಲ್ಲಿ ಬಚ್ಚಿಟ್ಟೆ? ಎಷ್ಟಕ್ಕೆ ಮಾರ್ತೀಯಾ?"

ಜೇಬು, ಬೂಟು, ಕಾಲುಚೀಲ ಎಲ್ಲವನ್ನೂ ತಡಕಿದರು. ಬರಿಗಾಲಲ್ಲಿ ನಿಂತವನಿಗೆ ಸತ್ಯವೊಂದೇ ಉಳಿದಿತ್ತು.

"ಕಾರ್ಡೇ ಇರ್ಲಿಲ್ಲ ಸಾರ್. ನಂಗೂ ಈಗ್ಲೇ ಗೊತ್ತಾಗಿದ್ದು."

ಬಿಡುವಿನಲ್ಲಿ ವೇದಿಕೆ ಇಳಿದು ಬಂದು ಬಾಗಿಲ ಬಳಿ ನಿಂತಿದ್ದ ಹಾಡುಗಾರ್ತಿ ಒಡಕು ದನಿಯಲ್ಲಿ ಕೇಳಿದಳು: "ಹಾಗಾದ್ರೆ ಮೂರು ಹಾಡೂ ಸುಮ್ನೆ ಒತ್ತಿದ್ರಾ?"

"ಹೌದಮ್ಮ."

"ನಾನೂ ಸುಮ್ನೆ ಬಾಯಾಡ್ಸಿದ್ದು ಬಿಡಿ." ಮ್ಯಾನೇಜರ್ ಕಡೆ ತಿರುಗಿದಳು. "ಗಂಟಲು ಸರಿಹೋಗೋವರೆಗೂ ಇವರೊಬ್ಬರೇ ಸಾಕು. ಜನಕ್ಕೆ ಕ್ಯಾಮೆರಾ ಕಾಣ್ಲಿ, ಕಾರ್ಡ್ ಬೇಡ."

ಬೆಟ್ಟದಂತೆ ಬಂದದ್ದು ಮಂಜಿನಂತೆ ಕರಗಿತ್ತು. ಬೂಟಿಗೆ ಕಾಲು ತೂರಿಸುತ್ತಿದ್ದವನ ಕಿವಿಯ ಬಳಿ ಮ್ಯಾನೇಜರ್ ಬಗ್ಗಿದ. "ಸಂಬಳದ ಮಾತು, ಫೋಟೋ ಬರೋಕೆ ಶುರುವಾದ್ಮೇಲೆ."

ಹೊರಗೆ ಬಂದು ಹೆಂಡತಿಗೆ ಫೋನ್ ಮಾಡಿ, ಕೆಲಸ ಉಳಿಯಿತು ಎಂದ. ಅವಳು ನಿಟ್ಟುಸಿರು ಬಿಟ್ಟು, ಫೋಟೋ ಹೇಗೆ ಬಂದಿವೆ ಎಂದು ಕೇಳಿದಳು.

"ಒಂದೂ ಕೆಟ್ಟಿಲ್ಲ ಕಣೇ."