ಚರಿತ್ರೆ ಪಾಠಕ್ಕೆ ಬಿದ್ದ ಊರಗಾಯ

ನಮ್ಮನೇಲಿ ರಾಜರು ಸುಮ್ಮನೆ ಸಾಯಲ್ಲ, ನಮ್ಮನ್ನ ಒಂದು ಸಲ ನಗಿಸೇ ಸಾಯೋದು. ನಾನು ಶಾಲೆ ಮೆಟ್ಟಿಲು ಹತ್ತಿದೋಳಲ್ಲ, ತೆಲುಗು ಸೀಮೆಯ ಹಿಂದೂಪುರದಲ್ಲಿ ಮಗ್ಗದ ಮುಂದೆ ಕೂತೇ ಬೆಳೆದೋಳು. ನಾನು ಹೇಳ್ತಿದ್ದೀನಿ, ಮೊಮ್ಮಗಳು ಬರೀತಿದ್ದಾಳೆ. ಬರೆಯೋಕೆ ನಾಚಿಕೆ ಆದ ಕಡೆ ಕೆಮ್ಮುತಾಳೆ. ನಾನು ನಿಲ್ಲಿಸಲ್ಲ.

ಬರೀ ಹಾಸು

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಮೊಮ್ಮಗಳು ಚರಿತ್ರೆಯಲ್ಲಿ ಫೇಲಾದಳು. "ಇನ್ನೊಂದು ಸಲ ಹಿಂಗಾದ್ರೆ ಓದಿದ್ದು ಸಾಕು, ಬಟ್ಟೆ ಫ್ಯಾಕ್ಟರಿಗೆ ಹೋಗ್ಲಿ" ಅಂದ ಅಳಿಯ.

"ಅವಳು ಪಾಸಾಗೋಗಂಟ ನಾನು ಬಿಡಾಕಿಲ್ಲ" ಅಂದೆ.

ಅವಳು ಆಕಳಿಸ್ತಾ ಓದಿದಳು: ಸುಲ್ತಾನ ದಿಲ್ಲಿಯಿಂದ ರಾಜಧಾನಿ ಬದಲಾಯಿಸಿದ, ಜನರಿಗೆ ತೊಂದರೆಯಾಯಿತು, ಮತ್ತೆ ದಿಲ್ಲಿಗೇ ತಂದ.

"ಏನು ತೊಂದರೆ?"

"ತೊಂದರೆ ಅಷ್ಟೇ ಅಜ್ಜಿ. ಪುಸ್ತಕದಲ್ಲಿ ಅಷ್ಟೇ ಇರೋದು."

"ಇದು ಬರೀ ಹಾಸು ಕಣಮ್ಮ. ಉದ್ದಕ್ಕೆ ನೂಲು ಎಳೆದು ಬಿಟ್ಟವ್ರೆ. ಅಡ್ಡಕ್ಕೆ ಹೊಕ್ಕು ಹಾಕದೆ ಸೀರೆ ಹೆಂಗಾಯ್ತದೆ?"

ಹೊಕ್ಕು ನಾನೇ ಹಾಕಿದೆ. ದಿಲ್ಲಿಯಲ್ಲಿ ಒಬ್ಬಳು ಹೆಂಗಸು. ಮಗ್ಗ ಬಿಟ್ಟಳು, ಎಮ್ಮೆ ಬಿಟ್ಟಳು, ಊರಗಾಯ ಜಾಡಿ ಮಾತ್ರ ಬಿಡಲಿಲ್ಲ. ಉಪ್ಪಿನಕಾಯಿಗೆ ನಮ್ಮ ಕಡೆ ತೆಲುಗಿನ ಊರಗಾಯ ಅನ್ನೋ ಮಾತೇ ಓಡೋದು. ಅದನ್ನ ತಲೆ ಮೇಲೆ ಹೊತ್ತು ನಡೆದು ನಡೆದು, ಹೊಸ ಊರಲ್ಲಿ ನೆಲೆ ಕಾಣೋದ್ರೊಳಗೆ ಸುಲ್ತಾನ "ವಾಪಸ್ ನಡೀರಿ" ಅಂದ್ಬುಟ್ಟ. ಅವಳು ಗಂಡನ ಕಡೆ ತಿರುಗಿ, "ಗಂಟು ಬಿಚ್ಚಬೇಡ ಅಂತ ನಾನು ಆಗಲೇ ಬಡ್ಕೊಂಡೆ" ಅಂದಳು.

ಮೊಮ್ಮಗಳು ಹೊಟ್ಟೆ ಹಿಡ್ಕೊಂಡು ನಕ್ಕಳು. ಮರುದಿನ ಕ್ಲಾಸಿಗೆಲ್ಲ ಹೇಳಿ ಬಂದಳು. "ಅಜ್ಜಿ, ಆ ಗಂಡ ಥೇಟ್ ನಮ್ಮ ತಾತ" ಅಂದಳು. ಮೂಲೆಯಲ್ಲಿ ಕಾಫಿ ಕುಡೀತಿದ್ದ ತಾತ, "ನಾನು ಯಾವಾಗ ದಿಲ್ಲಿಗೆ ಹೋಗಿದ್ದೆ?" ಅಂದರು.

ಬಸ್ಸಿನಲ್ಲಿ ತೀರ್ಪು

ಕಲ್ಯಾಣದುರ್ಗಕ್ಕೆ ನಾಮಕರಣಕ್ಕೆ ಹೊರಟಿದ್ವಿ. ದಾರಿ ದಂಡ ಆಗಬಾರದು ಅಂತ ಮುಂದಿನ ಪಾಠ ಹಿಡಿದೆ. ಬಸ್ಸಿನ ಸದ್ದಿಗೆ ಗಂಟಲು ಎತ್ತಲೇಬೇಕು.

"ಆ ಮಗ ಏನು ಮಾಡ್ದ ಗೊತ್ತಾ? ಅಣ್ಣತಮ್ಮಂದಿರನ್ನ ಮುಗಿಸ್ಬುಟ್ಟ. ಹೆತ್ತ ಅಪ್ಪನ್ನ ಒಳಗೆ ಹಾಕಿ ಬೀಗ ಜಡಿದ. ಎಲ್ಲಾ ಆಸ್ತಿಗೋಸ್ಕರ."

ಬಸ್ಸೆಲ್ಲ ನಮ್ಮ ಕಡೆ ತಿರುಗಿತು. ಹಿಂದಿನ ಸೀಟಿನ ಹೆಂಗಸು "ಅಯ್ಯೋ ಪಾಪಂ, ಮುದುಕನಿಗೆ ಊಟಕ್ಕಾದ್ರೂ ಕೊಡ್ತಾನಾ?" ಅಂದಳು. ಕಂಡಕ್ಟರು ಟಿಕೆಟ್ ನಿಲ್ಲಿಸಿ, "ಕೇಸು ಪೆಟ್ಟಾರಾ ಅಮ್ಮಾ, ಕೇಸು ಹಾಕಿದ್ರಾ?" ಅಂದ.

ಮೊಮ್ಮಗಳು ತಲೆ ತಗ್ಗಿಸಿ, "ಅದು ನಡೆದು ಮುನ್ನೂರು ವರ್ಷದ ಮೇಲಾಯ್ತು ಸಾರ್" ಅಂದಳು.

ಕಂಡಕ್ಟರು ನಿಟ್ಟುಸಿರು ಬಿಟ್ಟ. "ಇನ್ನೂ ತೀರ್ಪು ಬಂದಿಲ್ವಾ?"

ಊರ ಗಾಯ

ವಾರ್ಷಿಕ ಪರೀಕ್ಷೆ ಮುಗೀತು. ಅಳಿಯ ಫ್ಯಾಕ್ಟರಿಯಲ್ಲಿ ಮಾತಾಡಿಯೂ ಬಂದಿದ್ದ. ಅಷ್ಟರಲ್ಲಿ ಅವಳ ಕನ್ನಡ ಶಾಲೆಯ ಚರಿತ್ರೆ ಟೀಚರು ನನ್ನನ್ನ ಕರೆಸಿದರು. ಹೊಸಬರು, ಕರ್ನಾಟಕದ ಆ ತುದಿಯೋರು, ತೆಲುಗು ಒಂದಕ್ಷರ ಬಾರದು. ಮೊಮ್ಮಗಳ ಕೈ ಹಿಡ್ಕೊಂಡು ಹೋದೆ.

ಟೀಚರು ಕಣ್ಣು ಒರೆಸ್ಕೊಂಡು ಪೇಪರ್ ಓದಿದರು: "'ಹೆಂಗಸರು ಎಲ್ಲವನ್ನೂ ಬಿಟ್ಟರು. ಊರಗಾಯ ಒಂದನ್ನೇ ತಲೆಯ ಮೇಲೆ ಹೊತ್ತು ನಡೆದರು.' ಇದು ನೀವು ಹೇಳಿದ್ದಂತೆ. ಎಂಥ ಮಾತಮ್ಮ. ಪೂರ್ತಿ ಮಾರ್ಕು ಕೊಟ್ಟಿದ್ದೀನಿ, ಪಾಸು."

ಪಾಸು ಅಂದಿದ್ದೊಂದೇ ನನ್ನ ಕಿವಿಗೆ ಬಿದ್ದಿದ್ದು.

"ಆ ಊರ ಗಾಯ ಎಷ್ಟು ಕಾಲ ಉಳಿದಿರಬೇಕು, ಅಲ್ವಾ?" ಅಂದರು.

"ಉಪ್ಪು ಸರಿಯಾಗಿ ಬಿದ್ದಿದ್ರೆ ಎರಡು ವರ್ಷಕ್ಕೆ ಮೋಸ ಇಲ್ಲ ತಾಯಿ."

"ಗಾಯಕ್ಕೆ ಉಪ್ಪಾ?"

"ಉಪ್ಪು, ಖಾರ, ಮೇಲೊಂದಿಷ್ಟು ಎಣ್ಣೆ."

ಟೀಚರ ಮುಖ ಬಿಳುಚಿಕೊಂಡಿತು. ಮೊಮ್ಮಗಳು ಮೆಲ್ಲಗೆ, "ಊರಗಾಯ ಅಂದ್ರೆ ಉಪ್ಪಿನಕಾಯಿ, ಮಿಸ್" ಅಂದಳು.

ಟೀಚರು ಕೆಂಪು ಪೆನ್ನು ಎತ್ತಿದರು. ನಾನು ಪೇಪರ್ ಮೇಲೆ ಅಂಗೈ ಊರಿದೆ. "ಹಾಕಿದ ಮಾರ್ಕು ಹಾಕಿದಂಗೇ ಇರ್ಲಿ. ಜನಕ್ಕೆ ಏನು ತೊಂದರೆ ಆಯ್ತು ಅಂತ ಕೇಳಿದ್ರಿ, ಅವಳು ಹೇಳವ್ಳೆ. ಪುಸ್ತಕ ಹೇಳಿತ್ತಾ?"

ಅವರು ನನ್ನ ಕೈ ನೋಡಿದರು, ಪೆನ್ನಿನ ಮುಚ್ಚಳ ಹಾಕಿದರು. "ಮಾರ್ಕು ಮುಟ್ಟಲ್ಲ ಬಿಡಿ ಅಜ್ಜಿ. ನನಗೆ ಬೇಜಾರು ಅದಲ್ಲ. ಇಡೀ ಕ್ಲಾಸು ಇದನ್ನೇ ಬರೆದಿದೆ. ನಾನು ಒಂದೊಂದು ಪೇಪರಿಗೂ ಅತ್ತಿದ್ದೀನಿ."